ಬರ್ಮಾ ಮುದ್ರೆಯ ರೂಪಾಯಿ ನೋಟು: ನಾನು ಪರೀಕ್ಷಿಸುವ ಬಗೆ

1945ರಲ್ಲಿ ಬ್ರಿಟಿಷರು ಬರ್ಮಾವನ್ನು ಜಪಾನಿಯರಿಂದ ಮರಳಿ ಪಡೆದಾಗ ಅಲ್ಲಿ ಚಲಾವಣೆಗೆ ಬಿಟ್ಟದ್ದು ದೊರೆ ಆರನೇ ಜಾರ್ಜ್ ಚಿತ್ರವಿದ್ದ ನಮ್ಮ ಭಾರತದ ನೋಟುಗಳನ್ನೇ. ಮೇಲೆ ‘ಮಿಲಿಟರಿ ಅಡ್ಮಿನಿಸ್ಟ್ರೇಷನ್ ಆಫ್ ಬರ್ಮಾ, ಲೀಗಲ್ ಟೆಂಡರ್ ಇನ್ ಬರ್ಮಾ ಓನ್ಲಿ’ ಎಂಬ ಮುದ್ರೆ. ಸಂಗ್ರಹಕಾರರಲ್ಲಿ ಮುದ್ರೆಯಿಲ್ಲದ ನೋಟಿಗಿಂತ ಇದಕ್ಕೆ ಬೆಲೆ ಹೆಚ್ಚು. ಹಾಗಾಗಿ ಮೋಸ ಮಾಡುವವರು ಇಡೀ ನೋಟು ತಯಾರಿಸುವ ಗೋಜಿಗೆ ಹೋಗುವುದಿಲ್ಲ. ಅಸಲಿ ನೋಟಿನ ಮೇಲೆ ಎರಡು ಸಾಲು ಒತ್ತಿಬಿಡುತ್ತಾರೆ. ಕಾಗದ, ನೀರುಗುರುತು (ಬೆಳಕಿಗೆ ಹಿಡಿದರೆ ಕಾಣುವ ಚಿತ್ರ), ಸಹಿ ಎಲ್ಲ ಸರಿಯಾಗಿಯೇ ಇರುತ್ತದೆ.

ಅದಕ್ಕೇ ನಾನು ಮೊದಲು ಮಡಿಕೆ ನೋಡುತ್ತೇನೆ. ಅಕ್ಷರವನ್ನು ಹಾದುಹೋಗುವ ಮಡಿಕೆಯೊಂದನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಡಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿಯಬೇಕು. ಗರಿಗರಿ ನೋಟಿಗೆ ಒತ್ತಿದ ಮುದ್ರೆಯಾದರೆ ಮಡಿಕೆಯ ಏಣಿನಲ್ಲಿ ಶಾಯಿ ಸವೆದು ಕಾಗದ ಇಣುಕುತ್ತದೆ. ಸವೆದ ನೋಟಿಗೆ ಆಮೇಲೆ ಒತ್ತಿದ್ದಾದರೆ ಶಾಯಿ ಬಿರುಕಿನೊಳಗೆ ಇಳಿದು, ನಾರಿನ ಗುಂಟ ಅಕ್ಕಪಕ್ಕಕ್ಕೆ ಚಾಚಿರುತ್ತದೆ. ಕೊಳೆಯ ಪದರ ಅಕ್ಷರದ ಮೇಲಿದೆಯೋ ಕೆಳಗಿದೆಯೋ ಎಂಬುದನ್ನೂ ಇಲ್ಲೇ ನೋಡಿಕೊಳ್ಳಬಹುದು. ಒಂದು ರೂಪಾಯಿಯ ನೋಟಿನಲ್ಲಿ 1940 ಎಂದಿದ್ದರೆ ಗಾಬರಿ ಬೇಡ. ಅದು ಮೂಲ ನೋಟಿನ ಇಸವಿ.

ಆಮೇಲೆ ಕತ್ತಲಲ್ಲಿ ಯುವಿ ಟಾರ್ಚ್. ಆ ಕಾಲದ ಕಾಗದ ಮಂಕಾಗಿಯೇ ಉಳಿಯಬೇಕು. ನೀಲಿಯಾಗಿ ಹೊಳೆದರೆ ಒಂದೋ ಕಾಗದ ಹೊಸದು, ಇಲ್ಲವೇ ಯಾರೋ ಬಟ್ಟೆ ಸೋಪಿನ ಪುಡಿಯಲ್ಲಿ ತೊಳೆದಿದ್ದಾರೆ. ತೊಳೆದು ಇಸ್ತ್ರಿ ಹಾಕಿದ ನೋಟು ನೋಡಲು ಚೆಂದ, ಆದರೆ ಉಬ್ಬುತಗ್ಗು ಹೋಗಿ ಸಪ್ಪೆಯಾಗಿರುತ್ತದೆ. ನನಗಂತೂ ಕೊಳೆ ನೋಟೇ ವಾಸಿ. ನೋಟಿನ ಕಟ್ಟುಗಳಿಗೆ ಚುಚ್ಚಿದ ಪಿನ್ನಿನ ತೂತುಗಳನ್ನು ದೋಷವೆಂದು ಎಣಿಸಬೇಡಿ, ಬಳಸದ ನೋಟಿನಲ್ಲೂ ಇರುತ್ತವೆ.

ಹತ್ತು ರೂಪಾಯಿಯದು ಬೇರೆಯೇ ತಲೆನೋವು. ಯುದ್ಧಕಾಲದಲ್ಲಿ ಜಪಾನಿಯರು ರಿಸರ್ವ್ ಬ್ಯಾಂಕ್ ಗವರ್ನರ್ ಜೆ. ಬಿ. ಟೇಲರ್ ಸಹಿಯ ಹತ್ತರ ನೋಟನ್ನು ಬಹಳ ಚೆನ್ನಾಗಿ ನಕಲು ಮಾಡಿದರು. ಅದರಿಂದಾಗಿಯೇ ರಾಜನ ಪಕ್ಕನೋಟದ ಚಿತ್ರ ಹೋಗಿ ಎದುರುಮುಖ ಬಂತು, ನೀರುಗುರುತು ಬದಲಾಯಿತು. ಭದ್ರತಾ ಎಳೆ ಭಾರತದ ನೋಟಿಗೆ ಮೊದಲು ಸೇರಿದ್ದೂ ಯುದ್ಧದ ದಿನಗಳಲ್ಲೇ. ಟೇಲರ್ ನಂತರದ ಗವರ್ನರ್ ಸಿ. ಡಿ. ದೇಶಮುಖ್ ಸಹಿ ಎರಡೂ ಬಗೆಯ ಚಿತ್ರದ ಮೇಲೆ ಸಿಗುವುದರಿಂದ ಬರೀ ಸಹಿ ನೋಡಿ ಬೆಲೆ ಕಟ್ಟಲಾಗದು. ಟೇಲರ್ ಹತ್ತನ್ನು ಬೆಳಕಿಗೆ ಹಿಡಿದು, ನಂಬಿಕೆಯ ಇನ್ನೊಂದು ನೋಟಿನ ಪಕ್ಕದಲ್ಲಿಟ್ಟು ನೀರುಗುರುತನ್ನು ಹೋಲಿಸದೆ ನಾನು ಕೊಳ್ಳುವುದಿಲ್ಲ.

‘ದಿ ಜಪಾನೀಸ್ ಗವರ್ನಮೆಂಟ್’ ಎಂದು ಅಚ್ಚಾಗಿ, ‘ಬಿ’ ಇಂದ ಶುರುವಾಗುವ ಅಕ್ಷರಗಳಿರುವ ರೂಪಾಯಿ ನೋಟು ಬರ್ಮಾ ಜಪಾನಿಯರ ಕೈಯಲ್ಲಿದ್ದ ಕಾಲದ್ದು. ಅಪರೂಪವೆಂದು ಮಾರಲು ಬರುತ್ತಾರೆ, ಆದರೆ ರಾಶಿಗಟ್ಟಲೆ ಸಿಗುತ್ತದೆ.

ಇಡುವುದಕ್ಕೆ ಪಾಲಿಯೆಸ್ಟರ್ ಕವರ್ ಬಳಸಿ. ಪಿವಿಸಿ ಕವರ್ ವರ್ಷಗಳಲ್ಲಿ ಜಿಗುಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಸೆಲ್ಲೋಟೇಪ್, ಲ್ಯಾಮಿನೇಷನ್ ಮುಟ್ಟಲೇಬೇಡಿ. ಕರಾವಳಿಯ ಮನೆಯಾದರೆ ಡಬ್ಬದಲ್ಲಿ ಸಿಲಿಕಾ ಜೆಲ್ ಇರಲಿ, ಮಳೆಗಾಲದಲ್ಲಿ ಆಗಾಗ ಬದಲಿಸಿ.