ಲ್ಯಾಪ್‌ಟಾಪ್ ನಿಮ್ಮದು, ಪಾಸ್‌ವರ್ಡ್ ಸರ್ವರಿನದು

ಸೆಪ್ಟೆಂಬರ್ ಕೊನೆಯ ವಾರ. ಆಡಿಟ್ ರಿಪೋರ್ಟ್ ಗಡುವು ಕುತ್ತಿಗೆಗೆ ಬಂದಿತ್ತು, ಆಫೀಸಿನಲ್ಲಿ ನಾನು ಕೂರುವ ಕಂಪ್ಯೂಟರ್ ಅದೇ ದಿನ ಕೈಕೊಟ್ಟಿತು. ಮನೆಯಿಂದ ಲ್ಯಾಪ್‌ಟಾಪ್ ತಂದು ಸರ್ವರಿನ, ಅಂದರೆ ಎಲ್ಲರ ಫೈಲ್ ಇಟ್ಟಿರುವ ಕಂಪ್ಯೂಟರಿನ, ಫೋಲ್ಡರ್ ತೆರೆಯಲು ಹೋದರೆ ಹೆಸರು, ಪಾಸ್‌ವರ್ಡ್ ಕೇಳಿತು. ದಿನಾ ಲ್ಯಾಪ್‌ಟಾಪ್‌ಗೆ ಒತ್ತುವ ನಾಲ್ಕಂಕಿಯ ಪಿನ್ ಒತ್ತಿದೆ. ತಪ್ಪು ಎಂದಿತು. ಮತ್ತೆ ಒತ್ತಿದೆ, ಈ ಸಲ ಸ್ವಲ್ಪ ಜೋರಾಗಿ. ಕೊನೆಗೆ ಅಕೌಂಟೇ ಲಾಕ್ ಆಗಿ, ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ಆ ಪಿನ್ ನಿಮ್ಮ ಲ್ಯಾಪ್‌ಟಾಪಿನೊಳಗೆ ಮಾತ್ರ ನಡೆಯುತ್ತದೆ, ನೆಟ್‌ವರ್ಕ್ ದಾಟಿ ಆಚೆ ಹೋಗುವುದಿಲ್ಲ. ಅಲ್ಲಿ ಕೇಳುತ್ತಿರುವುದು ಫೈಲ್ ಇರುವ ಕಂಪ್ಯೂಟರಿನ ಯೂಸರ್ ಹೆಸರು ಮತ್ತು ಅದರ ಪಾಸ್‌ವರ್ಡ್. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಸಿಸ್ಟಮ್ ನೋಡಿಕೊಳ್ಳುವವರ ಹತ್ತಿರ ಹೋಗಿ. ಸ್ವಂತ ಲ್ಯಾಪ್‌ಟಾಪ್ ಬಳಸಬಹುದಾ ಎಂದು ಕೇಳಿ, ಬೇಡ ಎಂದರೆ ಅಲ್ಲಿಗೇ ಬಿಡಿ, ಕ್ಲೈಂಟ್‌ಗಳ ಲೆಕ್ಕಪತ್ರದ ವಿಷಯ ಅದು. ಸರಿ ಎಂದರೆ ಮೂರು ಸಂಗತಿ ಬರೆದುಕೊಳ್ಳಿ: ಸರ್ವರಿನ ಹೆಸರು ಮತ್ತು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ನಂಬರ್), ಶೇರ್ ಹೆಸರು (ಹಂಚಿಟ್ಟ ಫೋಲ್ಡರಿಗೆ ನೆಟ್‌ವರ್ಕಿನಲ್ಲಿರುವ ಹೆಸರು), ನಿಮಗೆಂದು ಮಾಡಿಕೊಟ್ಟ ಯೂಸರ್ ಮತ್ತು ಪಾಸ್‌ವರ್ಡ್. ‘ಡಿ ಡ್ರೈವ್‌ನಲ್ಲಿ ಟ್ಯಾಲಿ ಫೋಲ್ಡರ್ ಇದೆಯಲ್ಲ, ಅದೇ’ ಎಂದರೆ ಒಪ್ಪಬೇಡಿ. ಫೋಲ್ಡರ್ ಎಲ್ಲಿದೆ ಎನ್ನುವುದು ಬೇರೆ, ನೆಟ್‌ವರ್ಕಿಗೆ ಅದು ಯಾವ ಹೆಸರಿನಲ್ಲಿ ಕಾಣುತ್ತದೆ ಎನ್ನುವುದು ಬೇರೆ.

ನಂತರ ವೈಫೈ. ಗೆಸ್ಟ್ ವೈಫೈನಲ್ಲಿದ್ದರೆ ಇಂಟರ್ನೆಟ್ ಚೆನ್ನಾಗಿಯೇ ಬರುತ್ತದೆ, ಸರ್ವರ್ ಮಾತ್ರ ಸಿಗುವುದಿಲ್ಲ, ಏಕೆಂದರೆ ಹೊರಗಿನವರು ಒಳಗೆ ಇಣುಕಬಾರದು ಅಂತಲೇ ಅದನ್ನು ಸಾಮಾನ್ಯವಾಗಿ ಬೇರೆ ಮಾಡಿಟ್ಟಿರುತ್ತಾರೆ. ಸಿಬ್ಬಂದಿಯ ವೈಫೈಗೆ ಸೇರಿ. ಕೇಬಲ್ ಇದ್ದರೆ ಇನ್ನೂ ಒಳ್ಳೆಯದು.

ಈಗ ವಿಂಡೋಸ್ ಕೀ ಜೊತೆ ಆರ್ ಒತ್ತಿ. ಚಿಕ್ಕ ಪೆಟ್ಟಿಗೆಯಲ್ಲಿ \\192.168.1.10 ಎಂದು ಹೊಡೆದು ಎಂಟರ್ ಕೊಡಿ. ಈ ಅಂಕಿ ಉದಾಹರಣೆಗೆ, ನಿಮ್ಮ ಸರ್ವರಿನದು ಹಾಕಿ. ಮುಂದಿರುವುದು ಉಲ್ಟಾ ಸ್ಲ್ಯಾಶ್, ಎರಡು ಸಲ. ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಎಂಟರ್ ಮೇಲೆಯೇ ಇರುತ್ತದೆ. ಎಡಗಡೆ ‘ನೆಟ್‌ವರ್ಕ್’ ಒತ್ತಿ ಕಂಪ್ಯೂಟರ್ ಕಾಣಲಿ ಎಂದು ಕಾಯುವವರೇ ಜಾಸ್ತಿ. ಅಲ್ಲಿ ಕಾಣದಿದ್ದರೂ ನೇರ ವಿಳಾಸ ಹೊಡೆದರೆ ಎಷ್ಟೋ ಸಲ ತೆರೆದುಕೊಳ್ಳುತ್ತದೆ.

ಹೆಸರು ಕೇಳಿದಾಗ ಬರೀ ಯೂಸರ್ ಹೆಸರು ಹಾಕಬೇಡಿ. ಮೊದಲು ಸರ್ವರಿನ ಹೆಸರು, ಒಂದು ಉಲ್ಟಾ ಸ್ಲ್ಯಾಶ್, ಆಮೇಲೆ ಯೂಸರ್. ಆಗ ಯಾವ ಕಂಪ್ಯೂಟರಿನ ಯೂಸರ್ ಎಂಬ ಗೊಂದಲ ಉಳಿಯುವುದಿಲ್ಲ. ಸಣ್ಣ ಆಫೀಸುಗಳಲ್ಲಿ ‘ಸರ್ವರ್’ ಅಂದರೆ ಮೂಲೆಯಲ್ಲಿರುವ ಮಾಮೂಲಿ ಪಿಸಿ, ಅಲ್ವಾ? ಅದಕ್ಕೆ ಪಾಸ್‌ವರ್ಡೇ ಇಲ್ಲ ಎಂದರೆ ಖಾಲಿ ಬಿಟ್ಟು ಎಂಟರ್ ಹೊಡೆದು ಪ್ರಯೋಜನವಿಲ್ಲ, ಖಾಲಿ ಪಾಸ್‌ವರ್ಡಿನ ಯೂಸರನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಇಡಿಸಿ.

ಒಳಗೆ ಹೋದಮೇಲೆ ಶೇರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಆರಿಸಿ, ಜ಼ೆಡ್ ಅಕ್ಷರ ಕೊಡಿ. ವಿಂಡೋಸ್ 11ರಲ್ಲಿ ಇದು ‘ಶೋ ಮೋರ್ ಆಪ್ಷನ್ಸ್’ ಒಳಗೆ ಅಡಗಿರಬಹುದು. ಮ್ಯಾಕ್ ಇದ್ದವರು ಫೈಂಡರ್‌ನಲ್ಲಿ ಕಮಾಂಡ್ ಮತ್ತು ಕೆ ಒತ್ತಿ, ಎಸ್‌ಎಂಬಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಕೋಲನ್, ಎರಡು ಸಾದಾ ಸ್ಲ್ಯಾಶ್, ನಂತರ ಐಪಿ ಕೊಡಬೇಕು.

ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿ ‘ರಿಮೆಂಬರ್’ ಒತ್ತಿಬಿಟ್ಟರೆ ಲ್ಯಾಪ್‌ಟಾಪ್ ಅದನ್ನೇ ಹಿಡಿದುಕೊಂಡು ಕೂರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ಗೆ ಹೋಗಿ, ವಿಂಡೋಸ್ ಕ್ರೆಡೆನ್ಶಿಯಲ್ಸ್ ಅಡಿಯಲ್ಲಿ ಆ ಸರ್ವರಿನ ಸಾಲು ಅಳಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ.

ಫೈಲ್ ಇಡಲು ನೆಟ್‌ವರ್ಕಿಗೆ ಜೋಡಿಸಿದ ಹಳೇ ಸ್ಟೋರೇಜ್ ಡಬ್ಬಿ ಇದ್ದರೆ ‘ಎಸ್‌ಎಂಬಿ 1 ಆನ್ ಮಾಡು, ಆಗುತ್ತೆ’ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಹಳೇ ಪದ್ಧತಿ ಅದು. ಮಾಡಬೇಡಿ. 2017ರ ಮೇನಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿದ್ದು ಇದೇ ಹಳೇ ಬಾಗಿಲಿನ ಬಿರುಕಿನಿಂದ. ಡಬ್ಬಿಯ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಿ. ಮನೆಯಿಂದಲೂ ಫೈಲ್ ಬೇಕಾ? ವಿಪಿಎನ್, ಅಂದರೆ ಹೊರಗಿನಿಂದ ಆಫೀಸ್ ನೆಟ್‌ವರ್ಕಿಗೆ ಬರುವ ಸುರಕ್ಷಿತ ದಾರಿ, ಕೇಳಿ. ರೌಟರಿನಲ್ಲಿ 445ನೇ ಪೋರ್ಟ್, ಅಂದರೆ ಫೈಲ್ ಹಂಚಿಕೆಯ ಬಾಗಿಲನ್ನೇ ಇಂಟರ್ನೆಟ್ಟಿಗೆ ತೆರೆಯುವ ಜಾಣತನ ಯಾರಾದರೂ ತೋರಿಸಲು ಬಂದರೆ ತಡೆಯಿರಿ.

ಫೈಲ್ ತೆರೆಯಿತು, ಆದರೆ ಕನ್ನಡದ ಪತ್ರವೆಲ್ಲ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆಯಾ? ಫೈಲ್ ಕೆಟ್ಟಿಲ್ಲ. ಹಳೇ ನುಡಿ ಫಾಂಟಿನಲ್ಲಿ ಹೊಡೆದ ಪತ್ರ ಅದು, ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ ಅಷ್ಟೇ. ನುಡಿ ಹಾಕಿಕೊಂಡರೆ ಸರಿಯಾಗುತ್ತದೆ.

ಎಕ್ಸೆಲ್ ಶೀಟ್ ‘ರೀಡ್ ಓನ್ಲಿ’ ಎಂದರೆ ಬೇರೆ ಯಾರೋ ಅದನ್ನು ತೆರೆದಿಟ್ಟಿರಬಹುದು. ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಂಡರೆ ಸಂಜೆಗೆ ಎರಡು ಲೆಕ್ಕ, ಎರಡು ಮೊತ್ತ. ‘ಯಾರ್ರೀ ಬ್ಯಾಲೆನ್ಸ್ ಶೀಟ್ ತೆರೆದು ಊಟಕ್ಕೆ ಹೋಗಿರೋದು?’ ಎಂದು ಒಂದು ಕೂಗು ಹಾಕಿ.