ಸೆನ್ಸರ್ ಜಾಲದಲ್ಲಿ ರೇಡಿಯೋ ಮಲಗಿಸುವುದು: ನೋಡ್‌ಗಳೇ ಕಲಿಯುವಂತೆ ಮಾಡಿದ್ದು ಹೇಗೆ

ಸೆನ್ಸರ್ ನೋಡ್‌ನ, ಅಂದರೆ ಅಳತೆ ಮಾಡಿ ರೇಡಿಯೋದಲ್ಲಿ ಕಳಿಸುವ ಪುಟ್ಟ ಸಾಧನದ, ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಖಾಲಿ ಕೇಳುವಿಕೆ: ಯಾರೂ ಕಳಿಸದಿದ್ದರೂ ರೇಡಿಯೋ ಆನ್ ಇಟ್ಟು ಕಾಯುವುದು. ಸಿಸಿ2420 ರೇಡಿಯೋ ಕಳಿಸುವಾಗ 17.4 ಮಿಲಿಆಂಪ್ ಎಳೆದರೆ ಕೇಳುವಾಗ 18.8 ಎಳೆಯುತ್ತದೆ. 2000 ಎಂಎಎಚ್ (ಮಿಲಿಆಂಪ್-ಗಂಟೆ) ಸೆಲ್‌ಗಳಿದ್ದು ರೇಡಿಯೋ ಸದಾ ಆನ್ ಇದ್ದರೆ ನಾಲ್ಕೂವರೆ ದಿನದೊಳಗೆ ಕಥೆ ಮುಗಿಯಿತು.

ಯಾರು ಯಾವಾಗ ಏಳಬೇಕೆಂದು ಕೇಂದ್ರದಿಂದಲೇ ಹೇಳಿಸಬಹುದು. ಆದರೆ ಆ ಆದೇಶಗಳನ್ನು ಹೊತ್ತು ಹೊತ್ತು ಕೇಂದ್ರದ ಹತ್ತಿರದ ನೋಡ್‌ಗಳೇ ಮೊದಲು ಬರಿದಾಗುತ್ತವೆ. ಅದಕ್ಕೇ ಕಲಿಕೆಯನ್ನು ಆಯಾ ನೋಡ್‌ಗೇ ಬಿಟ್ಟೆ. ಒಂದು ಸೆಕೆಂಡಿಗೆ 50 ಮಿಲಿಸೆಕೆಂಡಿನ 20 ಸ್ಲಾಟ್, ಪ್ರತಿ ಸ್ಲಾಟ್‌ಗೂ ಒಂದು ಅಂಕ; ಅಂಕ ಹೆಚ್ಚಿರುವ ಸ್ಲಾಟ್‌ನಲ್ಲಿ ನೋಡ್ ಎದ್ದಿರುತ್ತದೆ, ಉಳಿದಂತೆ ಮಲಗುತ್ತದೆ. ತನಗೆಂದು ಪ್ಯಾಕೆಟ್ ಬಂದರೆ ಅಥವಾ ಕಳಿಸಿದ್ದಕ್ಕೆ ಎಸಿಕೆ (ತಲುಪಿತು ಎಂಬ ಮರುಸಂದೇಶ) ಸಿಕ್ಕರೆ +4. ಸುಮ್ಮನೆ ಕೇಳಿದರೆ, ಬೇರೆಯವರ ಪ್ಯಾಕೆಟ್ ಕಿವಿಗೆ ಬಿದ್ದರೆ, ಡಿಕ್ಕಿಯಾದರೆ −1. ಬರೀ ಉಳಿತಾಯಕ್ಕೆ ಅಂಕ ಕೊಡಬೇಡಿ, ಎಲ್ಲವೂ ಮಲಗುವುದನ್ನೇ ಕಲಿತು ಜಾಲ ಸತ್ತುಹೋಗುತ್ತದೆ.

ಹೊಸ ಅಂಕ = ಹಳೆಯದು + (ಫಲ − ಹಳೆಯದು)/8. ಫಲ ಅಂದರೆ ಆ ಸಲ ಸಿಕ್ಕ +4 ಅಥವಾ −1. ನೋಡ್‌ನ ಪ್ರೊಸೆಸರ್ ಎಂಎಸ್‌ಪಿ430ಯಲ್ಲಿ ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಲೆಕ್ಕದ) ಹಾರ್ಡ್‌ವೇರ್ ಇಲ್ಲವಾದ್ದರಿಂದ 8ರಿಂದ ಭಾಗಿಸುವ ಬದಲು ಮೂರು ಬಿಟ್ ಬಲಕ್ಕೆ ಸರಿಸುತ್ತೇವೆ. ಎಡವುವುದು ಇಲ್ಲೇ: ವ್ಯತ್ಯಾಸ +7 ಇದ್ದರೆ ಸರಿಸಿದಾಗ 0, −1 ಇದ್ದರೆ −1. ಅಂಕಗಳು ಕಾರಣವಿಲ್ಲದೆ ಕೆಳಗೆ ಜಾರುತ್ತಲೇ ಇರುತ್ತವೆ. ಫಲವನ್ನು 256ರಿಂದ ಗುಣಿಸಿ, ಸರಿಸುವ ಮುಂಚೆ 4 ಕೂಡಿಸಿದರೆ ನಿಲ್ಲುತ್ತದೆ.

ಮೊದಮೊದಲು ಹತ್ತಕ್ಕೊಂದು ಸಲ ಯಾವುದೋ ಒಂದು ಸ್ಲಾಟ್ ಪರೀಕ್ಷಿಸಲಿ, ಆಮೇಲೆ ನೂರಕ್ಕೆರಡು ಸಾಕು. ಸೊನ್ನೆಗಿಳಿಸಿದರೆ ಹೊಸ ನೋಡ್ ಸೇರಿದ್ದು ಯಾರಿಗೂ ತಿಳಿಯುವುದಿಲ್ಲ. ರ‍್ಯಾಂಡಮ್ ಸೀಡ್, ಅಂದರೆ ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಅಂಕಿ, ನೋಡ್ ಐಡಿಯಿಂದಲೇ ಬರಲಿ. ಎಲ್ಲಕ್ಕೂ ಒಂದೇ ಸೀಡ್ ಇಟ್ಟರೆ ಎಲ್ಲವೂ ಒಟ್ಟಿಗೇ ಒಂದೇ ಸ್ಲಾಟ್‌ಗೆ ಹಾರುತ್ತವೆ.

ಬಹಳ ಹೊತ್ತು ತಿನ್ನುವುದು ಗಡಿಯಾರದ ತೊಂದರೆ. ±20 ಪಿಪಿಎಂ (ಹತ್ತು ಲಕ್ಷಕ್ಕೆ 20 ಭಾಗ ತಪ್ಪುವ) ಗಡಿಯಾರದ ಕ್ರಿಸ್ಟಲ್‌ಗಳಿದ್ದರೆ ಎರಡು ನೋಡ್‌ಗಳ ನಡುವೆ ನಿಮಿಷಕ್ಕೆ 2.4 ಮಿಲಿಸೆಕೆಂಡಿನವರೆಗೆ ಅಂತರ ಬೀಳಬಹುದು. ಹತ್ತು ನಿಮಿಷ ಮಾತಿಲ್ಲದಿದ್ದರೆ ಹೆಚ್ಚುಕಮ್ಮಿ ಅರ್ಧ ಸ್ಲಾಟ್ ಹೋಯಿತು. ಹೊರಗಿನಿಂದ ನೋಡಿದರೆ ಕಲಿಕೆಯೇ ಕೆಟ್ಟಂತೆ ಕಾಣುತ್ತದೆ. ಅಂಕಗಳನ್ನು ತಿದ್ದುತ್ತಾ ಕೂರುವ ಮುನ್ನ ಗಡಿಯಾರ ನೋಡಿ. ನಿಮಿಷಕ್ಕೊಮ್ಮೆಯಾದರೂ ಎಸಿಕೆಯ ಜೊತೆ ಸಮಯ ಕಳಿಸಬೇಕು. ಚಿಪ್ ತಾನಾಗಿ ಕಳಿಸುವ ಎಸಿಕೆಯಲ್ಲಿ ಅದಕ್ಕೆ ಜಾಗವಿಲ್ಲ, ಸಾಫ್ಟ್‌ವೇರ್‌ನಲ್ಲಿ ನಾವೇ ಬರೆಯಬೇಕು. ಸ್ಲಾಟ್‌ನ ಎರಡೂ ತುದಿಗೆ 3 ಮಿಲಿಸೆಕೆಂಡ್ ಬಿಡುವು ಬಿಟ್ಟಿದ್ದೆ.

ಅಳತೆಗೆ ಮಲ್ಟಿಮೀಟರ್ ನಂಬಬೇಡಿ. ಬ್ಯಾಟರಿಗೆ ಸರಣಿಯಲ್ಲಿ 10 ಓಮ್ ರೆಸಿಸ್ಟರ್ ಹಾಕಿ ಆಸಿಲೋಸ್ಕೋಪ್‌ನಲ್ಲಿ ನೋಡಿ: ಕೇಳುವಾಗ ಸುಮಾರು 188 ಮಿಲಿವೋಲ್ಟ್‌ನ ಮೆಟ್ಟಿಲು ಏಳುತ್ತದೆ. ಸೆಕೆಂಡಿಗೆ ಒಂದೇ ಮೆಟ್ಟಿಲು ಉಳಿದರೆ ರೇಡಿಯೋದ ಸರಾಸರಿ 0.94 ಮಿಲಿಆಂಪ್, ಅದೊಂದನ್ನೇ ಲೆಕ್ಕ ಹಿಡಿದರೆ ಅದೇ ಸೆಲ್‌ಗಳು ಸುಮಾರು 88 ದಿನ ಬಾಳುತ್ತವೆ.