ತೋಟದ ಕಪ್ಪೆಗಳನ್ನು ಕಿವಿಯಲ್ಲೇ ಎಣಿಸುವುದು ಹೇಗೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಗಳಲ್ಲಿ ಮಳೆಗಾಲ ಹಿಡಿದರೆ ಕಪ್ಪೆಯನ್ನು ಹುಡುಕಿ ಹೋಗಬೇಕಿಲ್ಲ, ಕೂಗೇ ಅದರ ವಿಳಾಸ ಹೇಳುತ್ತದೆ. ಬೇಕಾಗುವುದು ಗಂಬೂಟು, ಟಾರ್ಚು, ಮೊಬೈಲು, ಪುಸ್ತಕ, ಪೆನ್ಸಿಲ್. ಪೆನ್ನು ಬೇಡ, ಶಾಯಿ ಮಳೆಗೆ ಕದಡುತ್ತದೆ.

ಹಗಲಲ್ಲೇ ಐದು ಜಾಗ ಗೊತ್ತುಮಾಡಿ ಮರಕ್ಕೆ ಬಣ್ಣದ ಪಟ್ಟಿ ಕಟ್ಟಿ. ಕೆರೆಯಂಚು, ಬಸಿಗಾಲುವೆ, ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚು ಮೂರೂ ಅದರಲ್ಲಿರಲಿ. ಜಾಗಗಳ ನಡುವೆ 50 ಮೀಟರ್‌ಗಿಂತ ಕಡಿಮೆಯಾದರೆ ಒಂದೇ ಕಪ್ಪೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ರಾತ್ರಿ 7ರಿಂದ 9ರೊಳಗೆ, ಮಳೆ ಹೊಳವಾದಾಗ ಹೊರಡಿ. ಜಡಿಮಳೆಯಲ್ಲಿ ಅಡಿಕೆ ಸೋಗೆ ಮೇಲಿನ ಸದ್ದು ಬಿಟ್ಟರೆ ಬೇರೇನೂ ಕೇಳದು. ಒಬ್ಬರೇ ಹೋಗಬೇಡಿ, ಕೈಯಿಡುವ ಮೊದಲು ಗಿಡದ ಮೇಲೆ ಬೆಳಕು ಬಿಡಿ, ಗುಳಿಮಂಡಲವೆಂಬ ವಿಷದ ಹಾವು ಅಲ್ಲೇ ಸುತ್ತಿಕೊಂಡಿರಬಹುದು. ಉಂಬಳಕ್ಕೆಂದು (ರಕ್ತ ಹೀರುವ ಜಿಗಣೆಗೆ) ಸುಣ್ಣವನ್ನೋ ತಂಬಾಕನ್ನೋ ಮುಟ್ಟಿದ ಕೈಯಲ್ಲಿ ಕಪ್ಪೆ ಹಿಡಿಯಲೇಬಾರದು. ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ.

ಪ್ರತಿ ಜಾಗದಲ್ಲೂ ಟಾರ್ಚು ಆರಿಸಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಹೆಜ್ಜೆ ಸದ್ದಿಗೆ ಬಾಯಿ ಮುಚ್ಚಿದವು ಮತ್ತೆ ಶುರುಮಾಡುತ್ತವೆ. ಆಮೇಲೆ ಐದು ನಿಮಿಷ ಕೇಳಿ, ಒಂದೊಂದು ಬಗೆಯ ಕೂಗಿಗೂ ಅಂಕ ಕೊಡಿ: ಏನೂ ಇಲ್ಲದಿದ್ದರೆ 0, ಬಿಡಿಬಿಡಿಯಾಗಿ ಎಣಿಸಲು ಬಂದರೆ 1, ಒಂದರ ಮೇಲೊಂದು ಬಿದ್ದರೂ ಬೇರೆಬೇರೆ ತಿಳಿದರೆ 2, ಎಡೆಬಿಡದ ಗದ್ದಲವಾದರೆ 3. ಸೊನ್ನೆಯನ್ನು ಬರೆಯದೆ ಬಿಡುವವರೇ ಹೆಚ್ಚು. ಮುಂದಿನ ವರ್ಷ ಹೋಲಿಸುವಾಗ ಅದೇ ಬೇಕಾಗುತ್ತದೆ. ಒಂದು ನಿಮಿಷದ ಧ್ವನಿಮುದ್ರಣವೂ ಇರಲಿ. ಪೊದೆಗಪ್ಪೆಗಳ ‘ಟಿಕ್ ಟಿಕ್’ ಹುಳುವಿನದೆಂದು ತಪ್ಪಿಹೋಗುವುದು ಮಾಮೂಲು. ಮುದ್ರಣವನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಕ್ಕೆ ಹಾಕಿದರೆ ಬಲ್ಲವರು ಗುರುತಿಸಲು ನೆರವಾಗುತ್ತಾರೆ.

ಎಣಿಕೆ ಇಳಿದರೆ ಮೊದಲು ತೋಟದ ಕೆಲಸವನ್ನೇ ನೋಡಿ. ಅನೇಕ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಎಲೆಯ ಮೇಲೋ ತರಗಿನಡಿಯೋ ಇಟ್ಟ ಮೊಟ್ಟೆಯಿಂದ ನೇರ ಮರಿಯೇ ಬರುತ್ತದೆ. ಮಳೆಗಾಲದಲ್ಲಿ ಕಳೆಯನ್ನು ಬುಡಸಮ ಹೊಡೆದರೆ ಅವುಗಳ ಕಥೆ ಮುಗಿಯಿತು. ಅಂಚಿನ ಒಂದು ಪಟ್ಟಿಯನ್ನಾದರೂ ಬಿಡಿ. ಮಲಬಾರ್ ಹಾರುಗಪ್ಪೆ ನೀರಿನ ಮೇಲೆ ಬಾಗಿದ ಕೊಂಬೆಯ ಎಲೆಗಳಿಗೆ ನೊರೆಗೂಡು ಅಂಟಿಸುತ್ತದೆ. ಒಳಗಿನ ಗೊದಮೊಟ್ಟೆಗಳು ಕೆಳಗಿನ ನೀರಿಗೇ ಉದುರಬೇಕು, ಹಾಗಾಗಿ ಕೆರೆಯ ಮೇಲಿನ ಕೊಂಬೆಯನ್ನು ಅಕ್ಟೋಬರ್‌ವರೆಗೆ ಕಡಿಯಬೇಡಿ. 2014ರಲ್ಲಿ ಹೊಸ ಪ್ರಭೇದವೆಂದು ದಾಖಲಾದ ಕುಂಬಾರ ಕಪ್ಪೆಯ ಗಂಡು ಹಳ್ಳದ ನೀರಿನ ಮೇಲಿರುವ ಮೊಟ್ಟೆಗಳಿಗೆ ಮುಂಗೈಯಿಂದ ಕೆಸರು ಮೆತ್ತುತ್ತದೆ. ಹಳ್ಳದೊಳಗೆ ಓಡಾಡಿದರೆ ಆ ಮೊಟ್ಟೆ ಕಣ್ಣಿಗೇ ಬೀಳದೆ ಹಾಳಾಗುತ್ತದೆ.

ಸೊಳ್ಳೆಗೆಂದು ಕೆರೆಗೆ ಗಪ್ಪಿ ಮೀನು ಬಿಡುವುದೂ ಬೇಡ, ಮೊಟ್ಟೆ, ಗೊದಮೊಟ್ಟೆಯನ್ನೂ ಅವು ತಿನ್ನುತ್ತವೆ. ಇನ್ನು ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣದ ಆ ದ್ರಾವಣ ಬಿಡಲಾಗದು ನಿಜ, ಆದರೆ ಅದರ ತಾಮ್ರ ಗೊದಮೊಟ್ಟೆಗೆ ವಿಷ. ಡ್ರಮ್ಮು, ಪೈಪು ತೊಳೆದ ನೀರನ್ನು ಬಸಿಗಾಲುವೆಗೆ ಚೆಲ್ಲದೆ, ಕಾಲುವೆಯಿಂದ ದೂರದ ಒಣ ದಿಬ್ಬದಲ್ಲಿ ಗುಂಡಿ ತೋಡಿ ಇಂಗಿಸಿ.